ಒದ್ದೆ ಕೋಲು

ಹುಕ್ಕೇರಿ,
ತಾ. ೮ ಫೆಬ್ರವರಿ ೧೯೩೬

ಪ್ರೀತಿಯ ಅಪ್ಪಾ, ಶರಣಾರ್ಥಿ.

ಸೊಲ್ಲಾಪುರದ ಗಿರಣಿಯ ಧೂಳಿಗೆ ಹತ್ತಿದ ಕೆಮ್ಮು ಇಳಿಯಿತೇ? ರೊಟ್ಟಿ ಸಿಗುತ್ತದೆಯೋ, ಇನ್ನೂ ಖಾನಾವಳಿಯ ಅನ್ನವೇ ಗತಿಯೋ? ಇಲ್ಲಿ ಆಯಿ, ಅವ್ವ, ಎಮ್ಮೆ, ತಮ್ಮ ರಾಚ್ಯಾ, ನಾನು ಕ್ಷೇಮ. ಮನೆಯಲ್ಲಿರುವ ಮರ್ಯಾದೆಯ ಕ್ರಮದಲ್ಲೇ ಬರೆದಿದ್ದೇನೆ.

ವಿಶೇಷವೆಂದರೆ, ತಮ್ಮ ಈ ಸುಪುತ್ರನು ಊರ ಹುಡುಗರ ಓಟದ ತಂಡಕ್ಕೆ ಉಸ್ತಾದನಾಗಿ ಪಟ್ಟಾಭಿಷಿಕ್ತನಾಗಿದ್ದಾನೆ. ಮುಂದಿನ ರವಿವಾರ ಗೋಕಾಕದಲ್ಲಿ ಕೋಲಿನ ಓಟ. ಒಬ್ಬ ಓಡಿಬಂದು ಕೋಲನ್ನು ಮುಂದಿನವನ ಕೈಗೇ ಕೊಡಬೇಕು. ನೆಲಕ್ಕಿಟ್ಟರೆ ತಂಡ ಹೊರಗೆ. ಮೊದಲು ಕುರುಬರ ಮಾಲಿಂಗ, ಆಮೇಲೆ ಹತ್ತಿ ಹಿಂಜುವ ನದಾಫರ ದಸ್ತಗೀರ, ಕೊನೆಗೆ ನಮ್ಮ ರಾಚ್ಯಾ. ದಸ್ತಗೀರ ಓಡಿದರೆ ನಾಯಿಗಳು ಬೆನ್ನಟ್ಟುವುದನ್ನು ಬಿಟ್ಟು ಕುಳಿತು ನೋಡುತ್ತವೆ.

ತೊಡಕು ನಿಮ್ಮ ತಾಯಿಯದು. (ಉಂಡಿ ಕೊಟ್ಟಾಗ ಮಾತ್ರ ಆಕೆ ನನ್ನ ಆಯಿ.) "ಸಾಬರ ಹುಡುಗ ಹಿಡಿದ ಕೋಲು ಹಂಗ ಮುಟ್ಟಬ್ಯಾಡೋ ರಾಚ್ಯಾ, ಕೊಳ್ಳಾಗ ಲಿಂಗ ಐತಿ" ಎಂದು ತಂಬಿಗೆ ಹಿಡಿದು ಬಯಲಿಗೇ ಬಂದು ನಿಂತಳು. ದಸ್ತಗೀರ ಗಾಳಿಯಂತೆ ಬರುವುದು, ಆಯಿ ಕೋಲಿಗೆ ನೀರು ಚಿಮುಕಿಸುವುದು, ಒದ್ದೆ ಕೋಲು ರಾಚ್ಯಾನ ಕೈಯಿಂದ ಸಾಬೂನಿನಂತೆ ಜಾರುವುದು. ಮಾಲಿಂಗ ಹೊಟ್ಟೆ ಹಿಡಿದುಕೊಂಡ: "ಉಸ್ತಾದ, ಗೋಕಾಕದಾಗ ಆಯೀನೂ ಓಡಸ್ತೀಯೇನಲೇ, ತಂಬಿಗಿ ಕೊಟ್ಟು?" ನಾನೂ ನಕ್ಕೆ. ದಸ್ತಗೀರ ನಗಲಿಲ್ಲ.

ನಿನ್ನೆ ಅವನು ಓಡಿಬಂದವನೇ ಕೋಲನ್ನು ರಾಚ್ಯಾನ ಮುಂದೆ ನೆಲಕ್ಕಿಟ್ಟು ಹಿಂದೆ ಸರಿದು ನಿಂತ. "ತಗೋ. ಆಯೀಗೆ ಸುಮ್ನ ತ್ರಾಸ ಯಾಕ?" ಗೋಕಾಕದಲ್ಲೂ ಹೀಗೆಯೇ ಮಾಡುವನಂತೆ. ಬೈದೆ, ಬೇಡಿದೆ, ಕೋತಿಯಂತೆ ಕುಣಿದು ತೋರಿಸಿದೆ. ರಾಚ್ಯಾ ತಾನಾಗಿ ಕೈ ಚಾಚಿದರೂ ದಸ್ತಗೀರನ ಕೈ ಏಳುತ್ತಿಲ್ಲ.

ಆಯಿಯ ಆಶೀರ್ವಾದ, ಅವ್ವ ಮತ್ತು ರಾಚ್ಯಾನ ನಮಸ್ಕಾರ. ಎಮ್ಮೆಯದನ್ನು ನೀವೇ ಊಹಿಸಿಕೊಳ್ಳಿ.

ತಮ್ಮ ಆಜ್ಞಾಧಾರಕ (ಆಗಾಗ) ಮಗ,
ಗುರುಲಿಂಗ

ತಾ.ಕ.: ಟಪಾಲಿನವ ಅವಸರ ಮಾಡುತ್ತಿದ್ದಾನೆ. ಈಗಷ್ಟೇ ಆಯಿ ದಸ್ತಗೀರನನ್ನು ಅಂಗಳಕ್ಕೆ ಕರೆದು, "ಭಾಳ ಶಾಣ್ಯಾ ಅದೀಯಪಾ, ಹಿರ್ಯಾರ ಮನಸ್ಸು ತಿಳಕೊಂಡಿ" ಎಂದು ಬಾಯ್ತುಂಬ ಹೊಗಳಿ, ಕೈಗೆ ಕೈ ತಾಗದಂತೆ ಮೇಲಿನಿಂದ ಅವನ ಬೊಗಸೆಗೆ ಬೆಲ್ಲ ಹಾಕಿದಳು. ಆಕೆಗೆ ಖರೆಯಾಗಿಯೂ ಸಂತೋಷ. ಅವನು ಬೆಲ್ಲ ತಿನ್ನಲಿಲ್ಲ, ಚೆಲ್ಲಲೂ ಇಲ್ಲ, ಹಿಡಿದುಕೊಂಡೇ ಹೋದ. ಅಪ್ಪಾ, ನೀವು ಬರೆದರೆ ಆಯಿ ತಂಬಿಗೆ ಒಳಗಿಟ್ಟಾಳು. ದಸ್ತಗೀರನಿಗೆ ಏನೆಂದು ಬರೆಯುತ್ತೀರಿ?