ಟೆಂಪೋ ತರಬೇಡ, ಅಣ್ಣ

ಕಲಬುರ್ಗಿ
12-9-2004, ರವಿವಾರ

ಕಮಲಾಪುರದ ನನ್ನ ಅಣ್ಣ ಮಾಣಿಕಪ್ಪನಿಗೆ ತಂಗಿ ಶಿವಕಾಂತಮ್ಮನ ಶರಣು.

ಗುರುವಾರ ಟೆಂಪೋ ತರಬೇಡ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ನಾಲ್ಕು ಸಾಲು ಮುಂದೆ ಹೋದರೆ ಮರೆತೇನು. ನಾನು ಈ ಮನೆ ಖಾಲಿ ಮಾಡುವುದಿಲ್ಲ. ನಿನ್ನ ಮನೆಗೆ ಬಂದು ಇರುವುದೂ ಇಲ್ಲ.

ಅವ್ವ ಹೋಗಿ ಎರಡು ತಿಂಗಳಾಯಿತು. ಹೋದ ವಾರ ನೀನು ಬಂದವನು ಜೋಳದ ಡಬ್ಬಿ ತೆರೆದೆ. ನೀನೇ ಕಳಿಸಿದ್ದ ಕೆಂಪು ಬಾಳೆಕಾಯಿ ಒಳಗೆ ಕೊಳೆತು ನೀರಾಗಿದ್ದವು. ಹಣ್ಣಾಗಲೆಂದು ಜೋಳದಲ್ಲಿ ಮುಚ್ಚಿಟ್ಟವಳು ನಾನೇ, ಮರೆತವಳೂ ನಾನೇ. ಜೋಳವೂ ಕೆಟ್ಟಿತು. ನೀನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅವ್ವ ಇದ್ಲು ಅಂತ ನಡೀತು ತಂಗೀ, ಇನ್ನ ನಿನ್ನ ಸಲುವಾಗಿ ಯಾರ ಗಂಟ ಹಾಕ್ಬೇಕು?" ಎಂದೆ.

ನಿಜ. ನನ್ನ ಒಂದೊಂದು ಕೆಲಸಕ್ಕೂ ಅವ್ವ ತನ್ನ ಸೆರಗಿಗೆ ಒಂದೊಂದು ಗಂಟು ಹಾಕಿಕೊಳ್ಳುತ್ತಿದ್ದಳು. ಬೀಗ, ಒಲೆ, ರೇಷನ್. ಸಂಜೆ ಒಂದೊಂದೇ ಬಿಚ್ಚುತ್ತಾ ಕೇಳುತ್ತಿದ್ದಳು.

ನಿನಗೆ ಹೇಳದ ಒಂದು ಸಂಗತಿಯಿದೆ. ಅವ್ವ ಹೋದ ಮೇಲೆ ನಿದ್ದೆ ಬಾರದೆ ದವಾಖಾನೆಗೆ ಹೋದೆ. ಡಾಕ್ಟರ್ ಬಾಯಿಯವರು ನಿದ್ದೆಯ ಮಾತು ಬಿಟ್ಟು ನನ್ನ ಸಾಲಿಯ ದಿನಗಳನ್ನು ಕೇಳಿದರು. ಮೂರು ಸಲ ಕರೆಸಿಕೊಂಡು, ಚೀಟಿಯಲ್ಲಿ ಎಡಿಎಚ್‌ಡಿ ಎಂದು ಬರೆದರು. ಗಮನ ಒಂದೆಡೆ ನಿಲ್ಲದ ತೊಂದರೆಯಂತೆ, ಹುಟ್ಟಿನಿಂದ ಇರುವುದಂತೆ. ದಡ್ಡತನವಲ್ಲ, ಸೋಮಾರಿತನವೂ ಅಲ್ಲ ಎಂದರು. ಏಳನೆಯ ತರಗತಿಯಲ್ಲಿ ಮಾಸ್ತರರು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರಲ್ಲ, ಮೂವತ್ತೆಂಟನೆಯ ವಯಸ್ಸಿಗೆ ಒಳಗೆ ಕರೆದಂತಾಯಿತು.

ಈಗ ಗಂಟು ನಾನೇ ಹಾಕಿಕೊಳ್ಳುತ್ತೇನೆ. ಒಲೆಗೆ ಬೇರೆ ಉಪಾಯ. ಹೊತ್ತಿಸಿದ ಕೂಡಲೇ ಅವ್ವನ ಸೌಟು ಎಡಗೈಗೆ ಬರಬೇಕು, ಒಲೆ ಆರಿಸುವ ತನಕ ಕೆಳಗಿಡಬಾರದು. ಮೊನ್ನೆ ಸೌಟು ಹಿಡಿದೇ ನಂದೂರ ದಾಲ್ ಮಿಲ್ಲಿಗೆ ಹೋಗುವ ಬಸ್ಸಿಗೆ ನಿಂತಿದ್ದೆ. ನನ್ನ ಜೊತೆ ಚೀಲ ಹೊಲಿಯುವ ಮೈಬೂಬ, "ಏನಕ್ಕಾ, ಇವತ್ತ ಮಿಲ್‌ನ್ಯಾಗ ಊಟ ನೀನೇ ಬಡಸ್ತೀ ಏನ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಓಡಿ ಒಲೆ ಆರಿಸಿ ಮುಂದಿನ ಬಸ್ಸು ಹಿಡಿದೆ. ಕೇಳಿ ನೀನು ಹಣೆ ಬಡಿದುಕೊಳ್ಳಬಹುದು. ಆದರೆ ಬೇಳೆ ಸೀಯಲಿಲ್ಲ, ಅಣ್ಣ.

ನಿನ್ನ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಗೊತ್ತು. ವೈನಿ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಅದೂ ಗೊತ್ತು. ಮೂಲೆಯಲ್ಲಿ ಕೂತು ತಿನ್ನುವ ಬಾಳು ನನಗೆ ಬೇಡ. ನಾನು ಮರೆಯುತ್ತೇನೆ. ಮರೆತು ಕೊಳೆತದ್ದನ್ನು ನಾನೇ ತೊಳೆಯುತ್ತೇನೆ. ಗುರುವಾರ ಬಸ್ಸಿಗೆ ಬಾ, ಒಂದು ಚಿಪ್ಪು ಬಾಳೆಕಾಯಿ ತಾ. ಈ ಸಲ ಬಾಗಿಲಿಗೇ ತೂಗುಹಾಕುತ್ತೇನೆ, ಹೋಗಿ ಬರುವಾಗ ಹಣೆಗೆ ಬಡಿಯುವಂತೆ.

ನಿನ್ನ ತಂಗಿ
ಶಿವಕಾಂತಮ್ಮ

ತಾ.ಕ.: ನಿನ್ನೆ ಅವ್ವನ ಟ್ರಂಕು ತೆರೆದೆ. ನಾನು ಹುಟ್ಟುವ ಮೊದಲಿನ ಇಳಕಲ್ ಸೀರೆಯ ಸೆರಗಿನಲ್ಲೂ ಗಂಟುಗಳಿದ್ದವು. ಚಿಗವ್ವ ಚಂದಮ್ಮನನ್ನು ಕೇಳಿದೆ. "ನಿಮ್ಮವ್ವನೂ ನಿನ್ನಂಗೇ ಇದ್ಲವ್ವ. ಮಾಣಿಕ ಎರಡು ವರ್ಷದಾಂವ ಇದ್ದಾಗ ಕಮಲಾಪುರ ಸಂತ್ಯಾಗ ಅಂವನ್ನ ಬಾಳಿಗೊನಿ ನಡುವ ಕುಂದ್ರಸಿ, ಅಲ್ಲೇ ಮರತು ಬರೇ ಚೀಲ ತೊಗೊಂಡು ಮನಿಗಿ ಬಂದಿದ್ಲು. ಅವತ್ತಿಂದ ಗಂಟು ಹಾಕೋದು ಚಾಲೂ ಆತು," ಎಂದಳು. ಆ ತಲೆ ಇಟ್ಟುಕೊಂಡೇ ಅವ್ವ ನಮ್ಮಿಬ್ಬರನ್ನೂ ಬೆಳೆಸಿದಳು. ಮೊದಲ ಗಂಟು ನಿನ್ನದು, ಅಣ್ಣ.