ಮೋತಿಯ ಬಕೆಟ್ಟಿನ ನೀರು

ಆಗಸ್ಟ್ ೧೩, ಬುಧವಾರ

ಎಷ್ಟು ಸೋಪು ಹಾಕಿದರೂ ಕೈಯ ವಾಸನೆ ಹೋಗಲಿಲ್ಲ. ಊಟವೂ ಸೇರಲಿಲ್ಲ.

ನವನಗರದಲ್ಲಿ ನಾನು ಕೆಲಸಕ್ಕಿರುವ ಮನೆಯ ನಾಯಿ ಮೋತಿ. ಇಂದು ಅದರ ಕಣ್ಣು ಹಳದಿಯಾಗಿತ್ತು, ಉಚ್ಚೆ ಚಹಾದ ಬಣ್ಣ. ಮನೆಯೊಡತಿ ರಜನಿ ಅಕ್ಕನೂ ನಾನೂ ಆಟೋದಲ್ಲಿ ಡಾಕ್ಟರ ಹತ್ತಿರ ಒಯ್ದೆವು.

"ಇಲಿ ಉಚ್ಚಿಯಿಂದ ಬರೂ ಜಡ್ಡು ಇದ್ದಂಗದ. ಯಾವ ನೀರು ಕುಡಸ್ತೀರಿ?"

"ಫಿಲ್ಟರ್ ನೀರ್ರಿ," ಅಂದರು ಅಕ್ಕ.

ಸುಳ್ಳು. ನಳದ ನೀರು ಬಂದಾಗ ಡ್ರಮ್ಮಿಗೆ ಹೊಸದು ತುಂಬುತ್ತೇವೆ, ತಳದ ಹಳೇ ನೀರು ಬಕೆಟ್ಟಿನಲ್ಲಿ ಹಿತ್ತಿಲಿಗೆ, ಮೋತಿಗೆ. ಅದರಲ್ಲಿ ಇಲಿಯ ಹಿಕ್ಕೆ ತೇಲುವುದನ್ನು ನೋಡಿದ್ದೇನೆ. ದೊಡ್ಡವರ ಮುಂದೆ ನನಗೆ ಬಾಯೇ ಬರುವುದಿಲ್ಲ. ಆದರೂ ಅಂದುಬಿಟ್ಟೆ: "ಇಲ್ರಿ ಸರ್, ಡ್ರಮ್ಮಿನ ಹಳೀ ನೀರು."

ಅಕ್ಕ ನನ್ನತ್ತ ನೋಡಿದ ರೀತಿ!

"ಛಲೋ ಆತು ಹೇಳಿದ್ದು. ಬರಿಗೈಲೆ ಅದರ ಉಚ್ಚಿ ಬಳೀಬ್ಯಾಡ ತಂಗಿ, ನಿನಗೂ ಹತ್ತತದ," ಅಂದರು ಡಾಕ್ಟರು. ಮೋತಿಗೆ ಸಲಾಯಿನ್ ಹಚ್ಚಿ ಅಲ್ಲೇ ಇಟ್ಟುಕೊಂಡರು. ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ.

ಮನೆಗೆ ಬಂದು ಬಕೆಟ್ಟು ಎತ್ತಿದೆ.

"ಏ ಫೇಬಿ, ಚೆಲ್ಲಬ್ಯಾಡ! ನೀರು ಮತ್ತ ಯಾವಾಗ ಬರ್ತದೋ ಏನೋ. ಬಾಂಡೆ ತಿಕ್ಕಾಕ ನಡೀತದ."

ಬಾಂಡೆಗೆ! ಆ ತಾಟಿನಲ್ಲೇ ಅವರೂ ನಾನೂ ಉಣ್ಣುವುದು. ಅವರ ಕಣ್ಣೆದುರಿಗೇ ಗಟಾರಕ್ಕೆ ಸುರಿದೆ. ಕೆಲಸ ಬಿಡಿಸುತ್ತೇನೆ ಅಂದರು. ಬಿಡಿಸಲಿ. ಆದರೆ ಮೋತಿ ಉಳಿದು ಮನೆಗೆ ಬಂದರೆ, ಆಗ ಅದಕ್ಕೆ ನೀರಿಡುವವರು ಯಾರು, ಯಾವ ನೀರು...