ಮೂರನೇ ಕಂಬದ ಅಳತೆಗಳು

ನವೆಂಬರ್ ೧೪, ಗುರುವಾರ

ಸೇತುವೆ ವಿಭಾಗದ ಡೇಟಾಬೇಸ್ ಸ್ವಚ್ಛ ಮಾಡಿ ಮುಗಿಸಿದೆ. ನಾಲ್ಕು ನಿಮಿಷ ಹಿಡಿಯುತ್ತಿದ್ದ ವರದಿ ಈಗ ಎರಡೇ ಸೆಕೆಂಡಿನಲ್ಲಿ ತೆರೆಯುತ್ತದೆ. ಸಾಹೇಬರು ಎಲ್ಲರೆದುರು ಹೊಗಳಿದರು.

ಅಳಿಸಿದ್ದು 'ದೋಷ' ಎಂದು ಗುರುತು ಹಾಕಿದ್ದ ಹಳೆಯ ಸಾಲುಗಳನ್ನು. ನಮ್ಮೂರ ಸೇತುವೆಯ ಕಂಬಗಳು ಎಷ್ಟು ವಾಲಿವೆ ಎಂಬ ಅಳತೆಗಳವು. ಅಳಿಸುವ ಮೊದಲು ಸುಮ್ಮನೆ ಕಣ್ಣಾಡಿಸಿದೆ. ಎಲ್ಲವೂ ಮೂರನೇ ಕಂಬದವೇ. ವಾಲಿಕೆ ಅಳೆಯುವ ಮೀಟರ್ ಕೆಟ್ಟಿದ್ದರೆ ಅಂಕಿಗಳು ಹುಚ್ಚಾಪಟ್ಟೆ ಕುಣಿಯಬೇಕಿತ್ತು. ಇವು ಆರು ವರ್ಷದಿಂದ, ತಿಂಗಳಿಂದ ತಿಂಗಳಿಗೆ, ಕೂದಲೆಳೆಯಷ್ಟು ಏರುತ್ತಲೇ ಬಂದಿದ್ದವು.

ಹಿರಿಯ ಎಂಜಿನಿಯರರಿಗೆ ತೋರಿಸಿದೆ. "ಆ ಮೀಟರ್ ಹಾಕಿದ ದಿನದಿಂದ್ಲೇ ಕೆಟ್ಟಿದೆ ಕಣಮ್ಮ, ತೆಗೆದುಬಿಡು," ಎಂದರು.

"ಯಾರಾದ್ರೂ ಹೋಗಿ ಕಂಬ ನೋಡಿದ್ದಾರಾ ಸರ್?"

ಅವರು ಕನ್ನಡಕ ಒರೆಸುತ್ತಾ ಕುಳಿತರು. ನಾನೂ ಮತ್ತೆ ಕೇಳಲಿಲ್ಲ, ಅಳಿಸಿಬಿಟ್ಟೆ. ಅವುಗಳ ನಕಲು ಪ್ರತಿ ನಾಳೆ ಸಂಜೆಯವರೆಗೆ ಉಳಿದಿರುತ್ತದೆ, ಆಮೇಲೆ ಅದೂ ತಾನಾಗಿ ಅಳಿಸಿಹೋಗುತ್ತದೆ.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಮಗಳನ್ನು ಇನ್ನು ಮೇಲೆ ಶಾಲೆಯ ಬಸ್ಸಿಗೆ ಹತ್ತಿಸಬೇಡ, ನೀನೇ ಸುತ್ತುದಾರಿಯಲ್ಲಿ ಕರೆದುಕೊಂಡು ಹೋಗು ಎಂದೆ.

"ಯಾಕೇ, ಏನಾಯ್ತು?"

"ಸೇತುವೆ ರಿಪೇರಿ ಇದೆ ಕಣೇ," ಎಂದು ಸುಳ್ಳು ಹೇಳಿದೆ.

ಅಕ್ಕನಿಗೇನೋ ಹೇಳಿದೆ. ಆದರೆ ಅವಳ ಮಗಳ ಶಾಲೆಯ ಬಸ್ಸು, ಅದರಲ್ಲಿರುವ ಉಳಿದ ಮಕ್ಕಳು, ನಾಳೆ ಬೆಳಿಗ್ಗೆ ಎಂಟಕ್ಕೆ ಅದೇ ಸೇತುವೆಯ ಮೇಲಿರುತ್ತಾರೆ.